ಕಥೆಗೆ ಅಂದ ಹ್ಞೂಂ

೧೦-೧-೧೯೭೧, ಭಾನುವಾರ

ಮತ್ತೆ ಏಳರ ಬಸ್ಸು. ದೇವನಹಳ್ಳಿಯಲ್ಲಿ ಇಳಿದು ಇನ್ನೊಂದು. ದೊಡ್ಡಬಳ್ಳಾಪುರ ಮುಟ್ಟುವಾಗ ಹತ್ತು. ಇದು ಐದನೆಯ ಭಾನುವಾರ. ಸಿನಿಮಾದ ಎರಡನೇ ಭಾಗಕ್ಕೆ ಕಥೆ ಇನ್ನೂ ಹುಟ್ಟಿಲ್ಲ.

ಚರ್ಚೆ ಎಂದಿನಂತೆ ರಾಮಲಿಂಗಯ್ಯನವರ ಮಗ್ಗದ ಮನೆಯಲ್ಲಿ. ಒಳಗೆ ಎಂಟು ಪವರ್‌ಲೂಮು. ಹೊರಕೋಣೆಯಲ್ಲಿ ಅವರು, ಡೈರೆಕ್ಟರು, ನಾನು. ಮೂವರೂ ಕಿರುಚಿಕೊಂಡೇ ಮಾತಾಡಬೇಕು. ಗುಟ್ಟಿನ ದೃಶ್ಯವನ್ನೂ ಕೂಗಿ ಹೇಳಬೇಕು. ನಿಧಿ ಎಲ್ಲಿ ಹೂತಿದೆ ಅನ್ನುವುದು ಈಗ ಆ ಬೀದಿಗೆಲ್ಲ ಗೊತ್ತು.

ಮೂರು ವರ್ಷದ ಹಿಂದೆ ರಾಮಲಿಂಗಯ್ಯನವರು ಸೀರೆ ವ್ಯಾಪಾರದ ನಡುವೆ ‘ಹದ್ದಿನ ಗುಡ್ಡ’ ಸಿನಿಮಾ ತೆಗೆದರು. ಚೆನ್ನ ಅನ್ನುವ ಧೀರ, ಒಬ್ಬ ಪಾಳೆಯಗಾರನ ನಿಧಿ ಹುಡುಕಿ ಹೋಗುವ ಕಥೆ. ಚೆನ್ನಾಗಿ ಓಡಿತು. ಕಥೆ ನನ್ನದು ಅಂತ ಎಲ್ಲರೂ ಅನ್ನುತ್ತಾರೆ. ನನ್ನದಲ್ಲ. ಸಪ್ಪಲಮ್ಮ ದೊಡ್ಡಮ್ಮ ಹುಣಸೆಹಣ್ಣು ಬಿಡಿಸುತ್ತಾ ಚಿಕ್ಕಂದಿನಲ್ಲಿ ನಮಗೆ ಹೇಳಿದ್ದು. ನಾನು ಬೂದಿಗೆರೆಯ ಪೋಸ್ಟ್ ಮಾಸ್ಟರು. ಆಕೆ ಹೇಳಿದ್ದನ್ನು ಇಂಕಿನಲ್ಲಿ ಬರೆದುಕೊಟ್ಟೆ, ಅಷ್ಟೆ. ದೊಡ್ಡಮ್ಮನ ಕಥೆಯಲ್ಲಿ ಚೆನ್ನ ಗುಡ್ಡ ಇಳಿದು ಮನೆಗೆ ಬಂದು ಅಂಬಲಿ ಕುಡಿದು ಮಲಗುತ್ತಾನೆ. ಅಲ್ಲಿಗೆ ಮುಗಿಯಿತು. ಮಲಗಿದವನನ್ನು ಮತ್ತೆ ಎಬ್ಬಿಸುವುದು ಹೇಗೆ?

ರಾಮಲಿಂಗಯ್ಯನವರಿಗೆ ಆ ಚಿಂತೆ ಇಲ್ಲ. “ಮೊದಲನೇ ಸೀರೆಗೆ ಒಂದು ಗೇಣು ಅಂಚು ಕೊಟ್ಟಿದ್ವಿ, ಜನ ತಗೊಂಡ್ರು. ಎರಡನೇದಕ್ಕೆ ಎರಡು ಗೇಣು ಅಂಚಿರ್ಬೇಕು. ಕುದುರೆ ಹತ್ತಿತ್ತಾ, ಇಪ್ಪತ್ತು ಮಾಡಿ. ಹಾರಿದ್ದು ಮೂವತ್ತಡಿನಾ, ಅರವತ್ತು ಮಾಡಿ,” ಅಂದರು.

ಡೈರೆಕ್ಟರು ಬೆಂಗಳೂರಿನವರು, ಮನೆಯೊಳಗೂ ಕಪ್ಪು ಕನ್ನಡಕ. ಅವರಿಗೂ ಬೇಕಾದದ್ದು ಹಾರುವ ದೃಶ್ಯವೇ. ಹೋದ ಸಲ ಹೀರೋ ಬದಲಿಗೆ ಬಂಡೆಯಿಂದ ಕೆರೆಗೆ ಹಾರಿದ್ದು ನಮ್ಮೂರ ಬೈಲಪ್ಪ. ಬಾವಿ ತೋಡುವ ಕೆಲಸದವನು. ತಲೆಗೆ ಹೀರೋನ ಕ್ರಾಪಿನ ವಿಗ್ಗು ಕಟ್ಟಿ ಹಾರಿಸಿದ್ದರು. ನೀರಿನಿಂದ ಎದ್ದಾಗ ವಿಗ್ಗು ಬೇರೆ, ಅವನು ಬೇರೆ. ಊರೆಲ್ಲ ಒಂದು ತಿಂಗಳು ನಕ್ಕಿತ್ತು.

ಈ ಸಲವೂ ಅವನೇ ಬೇಕಂತೆ. ಒಪ್ಪಿಸುವುದು ನನ್ನ ಜವಾಬ್ದಾರಿ. ಆಮೇಲೆ ಡೈರೆಕ್ಟರು ಸಿಗರೇಟು ಆರಿಸಿ ಇನ್ನೊಂದು ಮಾತು ಹೇಳಿದರು. ಹೋದ ಸಲ ನನ್ನ ಹೆಸರು ಹನ್ನೊಂದು ಹೆಸರುಗಳ ನಡುವೆ ಬಂದಿತ್ತು, ಅಡುಗೆಯವರ ಮೇಲೆ. ಈ ಸಲ ಒಂಟಿಯಾಗಿ ಬರುತ್ತದೆ. ಪರದೆ ತುಂಬ ನನ್ನ ಹೆಸರೊಂದೇ.

ಆಗಲಿ ಅಂದೆ.


೧೨-೧-೧೯೭೧, ಮಂಗಳವಾರ

ಸಂಜೆ ಬೈಲಪ್ಪ ಜಗಲಿಗೆ ಬಂದಿದ್ದ. ದಿನವೂ ಬರುತ್ತಾನೆ. ವಿಷಯ ಎತ್ತಲಿಲ್ಲ.

ಎತ್ತುವುದು ಹೇಗೆ? ಹೋದ ಸಲ ಅವನು ಹಾರಿದಾಗ ಅವನ ಹೆಂಡತಿ ಮುನಿಗಂಗಮ್ಮ ಏಳು ತಿಂಗಳ ಬಸುರಿ. ಯಾರೋ ಹೇಳಿ, ಕೆರೆ ಏರಿಯ ಮೇಲೆ ಓಡಿ ಬಂದು ಬಿದ್ದಳು. ಹೆರಿಗೆಯಾದ ಮೇಲೆ, ಮಗುವಿಗೆ ಹೆಸರಿಟ್ಟ ದಿನ, ಎಲ್ಲರ ಮುಂದೆ ಗಂಡನ ಕೈ ಹಿಡಿದು ಮಗುವಿನ ತಲೆಯ ಮೇಲಿಟ್ಟಳು. ಇನ್ನು ಮೇಲೆ ಎತ್ತರದಿಂದ ನೀರಿಗೆ ಹಾರುವುದಿಲ್ಲ ಅಂತ ಆಣೆ ಮಾಡಿಸಿದಳು. “ಬಾವಿಗಿಳಿಯೋದು ಹೊಟ್ಟೆಪಾಡು. ಹಾರೋದು ಕೊಬ್ಬು,” ಅಂದಳು. ನಾವೆಲ್ಲ ನಕ್ಕೆವು. ಅವನೂ ನಕ್ಕ. ಆದರೆ ಆಣೆ ಮಾಡಿದ. ಅಂದಿನಿಂದ ಊರ ಬಾವಿಗೂ ಮೆಟ್ಟಿಲಿಳಿದೇ ಈಜುತ್ತಾನೆ.


೧೬-೧-೧೯೭೧, ಶನಿವಾರ. ದೀಪ ಹಚ್ಚುವ ಹೊತ್ತು.

ಹೇಳಿದೆ. ಹೇಗೆ ಹೇಳಿದೆ ಅನ್ನುವುದನ್ನು ಇಲ್ಲಾದರೂ ಸರಿಯಾಗಿ ಬರೆಯಬೇಕು.

ಬೈಲಪ್ಪ ಜಗಲಿಯಲ್ಲಿ ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಾ ಕೂತಿದ್ದ. ಎರಡನೇ ಭಾಗದ ಕಥೆ ಕೇಳ್ತೀಯೇನೋ ಅಂದೆ. ಖುಷಿಯಾದ. ಶುರು ಮಾಡಿದೆ.

ಸಪ್ಪಲಮ್ಮ ದೊಡ್ಡಮ್ಮನ ಕಟ್ಟಳೆ — ಕಥೆ ಕೇಳುವವರಲ್ಲಿ ಒಬ್ಬರು ಮಾತಿಗೊಮ್ಮೆ ಹ್ಞೂಂ ಅನ್ನಬೇಕು. ಹ್ಞೂಂ ನಿಂತರೆ ಕಥೆ ನಿಂತಿತು. ನಮ್ಮ ಗುಂಪಿನಲ್ಲಿ ಆ ಕೆಲಸ ಚಿಕ್ಕಂದಿನಿಂದ ಬೈಲಪ್ಪನದೇ. ನಿದ್ದೆ ಬಂದರೂ ಹ್ಞೂಂ ತಪ್ಪಿಸುತ್ತಿರಲಿಲ್ಲ. ಅದು ಒಪ್ಪಿಗೆಯಲ್ಲ. ಕೇಳ್ತಾ ಇದ್ದೀನಿ, ಮುಂದಕ್ಕೆ ಹೇಳಿ ಅಂತ. ರಾಕ್ಷಸ ಮಗುವನ್ನು ತಿಂದ ಅಂದರೂ ಹ್ಞೂಂ, ರಾಜ ಸತ್ತ ಅಂದರೂ ಹ್ಞೂಂ.

ಚೆನ್ನನನ್ನು ಮಲಗಿದಲ್ಲಿಂದ ಎಬ್ಬಿಸಿದೆ. ಹ್ಞೂಂ. ಶತ್ರುಗಳು ಇಪ್ಪತ್ತು ಕುದುರೆ ಏರಿ ಬಂದರು. ಹ್ಞೂಂ. ಹಿಂದೆ ಕುದುರೆ, ಮುಂದೆ ಪ್ರಪಾತ, ಕೆಳಗೆ ನೀರು. ಹ್ಞೂಂ. ಕೊಯಿರದ ಹತ್ತಿರ ಹಳೇ ಕಲ್ಲು ಕ್ವಾರಿ ಗುಂಡಿ ಇದೆಯಲ್ಲ, ಅದೇ ಜಾಗ. ಹ್ಞೂಂ. ಅಲ್ಲಿ ಚೆನ್ನನ ಬದಲು ನೀನೇ ಹಾರ್ತೀಯ. ಹ್ಞೂಂ. ಬರೋ ತಿಂಗಳು ಹದಿನಾಲ್ಕನೇ ತಾರೀಕು ಕ್ಯಾಮೆರಾ ತರ್ತಾರೆ. ಹ್ಞೂಂ.

ದನಿ ಒಂದಿಷ್ಟೂ ಬದಲಾಗಲಿಲ್ಲ, ನನ್ನದೂ, ಅವನದೂ. ಹಗ್ಗದ ಮೇಲಿನ ಕೈ ಕೂಡ ನಿಲ್ಲಲಿಲ್ಲ. ಆಮೇಲೆ ಬೇಗ ಬೇಗ ಕಥೆ ಮುಂದಕ್ಕೆ ಓಡಿಸಿದೆ, ಚೆನ್ನನ ಮದುವೆಯವರೆಗೆ. ಬೈಲಪ್ಪ ಹಗ್ಗ ಸುತ್ತಿಕೊಂಡು, ದೊಡ್ಡಮ್ಮನ ಕಥೆಯಷ್ಟು ಚೆನ್ನಾಗಿಲ್ಲ ಕಣಣ್ಣ ಅಂದು ಮನೆಗೆ ಹೋದ.

ಕೂತು ರಾಮಲಿಂಗಯ್ಯನವರಿಗೆ ಕಾರ್ಡು ಬರೆದೆ. ಬೈಲಪ್ಪ ನನ್ನ ಮುಂದೆ ಒಪ್ಪಿಕೊಂಡಿದ್ದಾನೆ.


೧೭-೧-೧೯೭೧, ಭಾನುವಾರ

ಕಾರ್ಡು ಡಬ್ಬಿಯಲ್ಲಿದೆ. ಇವತ್ತು ಟಪಾಲು ಹೋಗುವುದಿಲ್ಲ. ಡಬ್ಬಿ ನನ್ನ ಮನೆಯ ಗೋಡೆಗೇ. ಬೀಗದ ಕೈ ನನ್ನ ಉಡಿದಾರದಲ್ಲಿ.

ಅದರ ಮುಂದೆ ನಾಲ್ಕು ಸಲ ಓಡಾಡಿದೆ.


೧೮-೧-೧೯೭೧, ಸೋಮವಾರ

ಹೋಯಿತು. ಮುದ್ರೆ ನಾನೇ ಹೊಡೆದೆ.

ಕ್ಯಾಮೆರಾ ಬಂದಾಗ ಅವನೇ ಇಲ್ಲ ಅನ್ನಬಹುದಲ್ಲ. ಬಾಯಿ ಇದೆಯಲ್ಲ ಅವನಿಗೆ.


೯-೨-೧೯೭೧, ಮಂಗಳವಾರ

ಶೂಟಿಂಗಿನವರು ಬೈಲಪ್ಪನಿಗೆ ಬರಹೇಳಿದ್ದಾರೆ. ಹಗ್ಗ, ಏಣಿ ಹಿಡಿಯುವ ಕೆಲಸ ಅಂದುಕೊಂಡಿದ್ದಾನೆ. ಹೊಸ ಹಗ್ಗ ಹೊಸೆದಿಟ್ಟಿದ್ದಾನೆ ಪಾಪ.

ಮಧ್ಯಾಹ್ನ ಮುನಿಗಂಗಮ್ಮ ಬಂದಳು. ತವರು ಸಮೇತನಹಳ್ಳಿಯಲ್ಲಿ ತಂಗಿಗೆ ಹೆರಿಗೆಯಾಗಿದೆ, ಹತ್ತು ದಿನ ಹೋಗಿ ಬರುತ್ತಾಳೆ. ಬರುತ್ತೇನೆಂದು ಕಾರ್ಡು ಬರೆಸಿದಳು. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದಳು. ಬರೆಸಿ ಮುಗಿದ ಮೇಲೂ ನಿಂತಳು.

“ಅಣ್ಣ, ಹಾರೋದು ಗೀರೋದು ಏನೂ ಇಲ್ವಲ್ಲ ಈ ಸಲ?”

ಹಗ್ಗದ ಕೆಲಸ ತುಂಬ ಇರುತ್ತಮ್ಮ ಅಂದೆ.

ಸುಳ್ಳಲ್ಲ. ಹಗ್ಗದ ಕೆಲಸ ನಿಜವಾಗಿಯೂ ತುಂಬ ಇದೆ.


೧೪-೨-೧೯೭೧, ಭಾನುವಾರ

ಇವತ್ತು ಆಗದು.


೧೯-೨-೧೯೭೧, ಶುಕ್ರವಾರ

ಬರೆಯುತ್ತೇನೆ.

ಕ್ವಾರಿ ಗುಂಡಿಯ ಸುತ್ತ ನಾಲ್ಕು ಊರಿನ ಜನ. ಕಡಲೆಕಾಯಿ ಮಾರುವವರೂ ಬಂದಿದ್ದರು. ಎರಡು ಕ್ಯಾಮೆರಾ, ಒಂದು ಮೇಲೆ, ಒಂದು ಎದುರು ದಂಡೆಯಲ್ಲಿ. ಹತ್ತು ಗಂಟೆಗೆ ರಾಮಲಿಂಗಯ್ಯನವರು ಬೈಲಪ್ಪನನ್ನು ಕರೆದು ಕೊರಳಿಗೆ ಸೇವಂತಿಗೆ ಹಾರ ಹಾಕಿದರು. ಅವನಿಗೆ ಏನೆಂದೇ ತಿಳಿಯಲಿಲ್ಲ. ಹೀರೋನ ಅಂಗಿ ತಂದು ಕೈಗೆ ಕೊಟ್ಟಾಗ ತಿಳಿಯಿತು.

ಹಾರ ಹಾಕಿಕೊಂಡೇ ನನ್ನ ಹತ್ತಿರ ಬಂದ. ಕೋಪವಿರಲಿಲ್ಲ. ಲೆಕ್ಕ ತಪ್ಪಿದವನ ಹಾಗೆ ಇದ್ದ.

“ಅಣ್ಣ, ನಾನ್ಯಾವಾಗ ಒಪ್ಕಂಡೆ?”

“ನೀನೇ ಹ್ಞೂಂ ಅಂದ್ಯಲ್ಲೋ.”

ನನ್ನ ಮುಖ ನೋಡಿದ.

“ನೀವು ಕಥೆ ಹೇಳ್ತಿದ್ರಲ್ಲಣ್ಣ.”

ಅಷ್ಟೇ. ಆ ಹ್ಞೂಂ ಯಾವುದು, ಈ ಹ್ಞೂಂ ಯಾವುದು ಅಂತ ಬೂದಿಗೆರೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ದೂರದಿಂದ ರಾಮಲಿಂಗಯ್ಯನವರು, ಏನಂತೆ ಪೋಸ್ಟ್ ಮಾಸ್ಟ್ರೇ ಅಂತ ಕೂಗಿದರು. ಬೈಲಪ್ಪ ಒಮ್ಮೆ ಅವರನ್ನು ನೋಡಿದ, ಜನರನ್ನು ನೋಡಿದ.

“ಇಲ್ಲ ಅಂದ್ರೆ ನಿಮ್ಮ ಮಾತು ಬಿದ್ದೋಯ್ತದೆ, ಅಲ್ವಾ?”

ಕೇಳಿದ. ಪ್ರಶ್ನೆಯನ್ನೇ ಕೇಳಿದ. ಬಿದ್ದರೆ ಬೀಳಲಿ ಹೋಗೋ ಅಂದಿದ್ದರೆ ಮುಗಿದಿತ್ತು. ನಾನು ಹಾರದಿಂದ ಉದುರಿದ ಒಂದು ಸೇವಂತಿಗೆಯನ್ನು ಬಗ್ಗಿ ಎತ್ತಿಕೊಂಡೆ.

ಅಂಗಿ ತೊಟ್ಟ. ಹಗ್ಗ ಬಿಟ್ಟು ನೀರಿನ ಆಳ ನೋಡಬೇಕು ಅಂದನಂತೆ. ಡಿಸೆಂಬರಿನಲ್ಲೇ ನೋಡಿಸಿದ್ದೇವೆ, ಬಿಸಿಲು ಹೋಗುತ್ತೆ, ಬೇಗ ಹತ್ತು ಅಂದರು ಡೈರೆಕ್ಟರು. ಡಿಸೆಂಬರಿನಿಂದೀಚೆಗೆ ಗುಂಡಿಯ ನೀರು ಎರಡು ಮೊಳ ಇಳಿದಿತ್ತು. ಬಂಡೆಯ ಮೈಮೇಲೆ ಹಳೇ ನೀರಿನ ಗೆರೆ ಬೆಳ್ಳಗೆ ಕಾಣುತ್ತಿತ್ತು. ನನಗೂ ಕಂಡಿತ್ತು.

ತುದಿಗೆ ಹೋಗಿ ನಿಂತ. ಹಾರುವ ಮುಂಚೆ ಎಡಕ್ಕೆ ತಿರುಗಿದ. ಎಡಗಡೆ, ಕಲ್ಲಿನ ರಾಶಿಯ ಪಕ್ಕದಲ್ಲಿ, ಒಬ್ಬನೇ ನಿಂತಿದ್ದವನು ನಾನು. ಬೇಡ ಅಂತ ಕೈ ಆಡಿಸಬಹುದಿತ್ತು. ಎರಡು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಕಾದ.

ಹಾರಿದ.

ನೀರಿನ ಸದ್ದಿನ ಒಳಗೆ ಇನ್ನೊಂದು ಸದ್ದಿತ್ತು. ಜನ ಚಪ್ಪಾಳೆ ಹೊಡೆಯುತ್ತಿದ್ದರು, ಅವರಿಗೆ ಕೇಳಿಸಲಿಲ್ಲ. ಒಳಗೆ ಬಂಡೆಯ ಮೆಟ್ಟಿಲಿತ್ತು. ಎಡಸೊಂಟ. ಅವನೇ ಹೊಸೆದ ಹಗ್ಗ ಕಟ್ಟಿ ಮೇಲೆತ್ತಿದರು.

ಟೇಕು ಓಕೆ ಅಂದರಂತೆ.


೨೭-೨-೧೯೭೧, ಶನಿವಾರ

ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಬಂದೆ. ರಾಮಲಿಂಗಯ್ಯನವರೂ ಬಂದಿದ್ದರು, ಮೂಸಂಬಿ ಬುಟ್ಟಿ ತಂದಿದ್ದರು. ಕೆಟ್ಟ ಮನುಷ್ಯರಲ್ಲ. ಖರ್ಚೆಲ್ಲ ಅವರೇ ನೋಡಿಕೊಳ್ಳುತ್ತಿದ್ದಾರೆ. ಅವರಿಗೆ ಗೊತ್ತಿರುವುದು ನನ್ನ ಕಾರ್ಡಿನಲ್ಲಿ ಇದ್ದದ್ದು ಮಾತ್ರ.

ಮುನಿಗಂಗಮ್ಮ ಮಂಚದ ಕಾಲ ಬಳಿ ನೆಲದ ಮೇಲೆ ಕೂತಿದ್ದಳು. ಅವಳನ್ನು ಸಮಾಧಾನ ಮಾಡಲೆಂದೇ ರಾಮಲಿಂಗಯ್ಯನವರು ಹೇಳಿದರು, ನಾವು ಯಾರೂ ಬಲವಂತ ಮಾಡಲಿಲ್ಲಮ್ಮ, ಒಂದು ತಿಂಗಳ ಮುಂಚೆಯೇ ಪೋಸ್ಟ್ ಮಾಸ್ಟರ ಮುಂದೆ ನಿನ್ನ ಯಜಮಾನ ಒಪ್ಪಿಕೊಂಡಿದ್ದ, ಬೇಕಾದರೆ ಕೇಳು ಅಂತ.

ಅವಳು ನನ್ನ ಕಡೆ ನೋಡಿದಳು. ನಾನು ಮೇಲೆ ತೂಗುಹಾಕಿದ್ದ ಬಾಟಲಿ ನೋಡಿದೆ. ಹನಿ ಹನಿ ಇಳಿಯುತ್ತಿತ್ತು. ಎಣಿಸಿದೆ. ಇಪ್ಪತ್ತೇಳರವರೆಗೆ ಎಣಿಸಿದೆ.

ಆಮೇಲೆ ಗಂಡನ ಕಡೆ ತಿರುಗಿದಳು. “ಮಗು ತಲೆ ಮ್ಯಾಲೆ ಇಟ್ಟಿದ್ದು ಯಾವ ಕೈ? ಇದಾ, ಅದಾ?”

“ನಾನು ಒಪ್ಕಂಡಿರ್ಲಿಲ್ಲ ಕಣೇ.”

“ಊರೆಲ್ಲಾ ಸುಳ್ಳು, ನೀನೊಬ್ಬನೇ ನಿಜ.”

ಬೈಲಪ್ಪ ಕಣ್ಣು ಮುಚ್ಚಿಕೊಂಡ. ನನ್ನ ಹೆಸರು ಹೇಳಲಿಲ್ಲ.


೧೮-೪-೧೯೭೧, ಭಾನುವಾರ

ಬೈಲಪ್ಪನನ್ನು ಮನೆಗೆ ಕರೆತಂದರು. ಎಡಗಾಲು ಎರಡು ಅಂಗುಲ ಗಿಡ್ಡ. ಕೋಲು ಬೇಕು. ಬಾವಿ ಕೆಲಸ ಮುಗಿದಂತೆ. ಕೂತು ಹಗ್ಗ ಹೊಸೆದು ಮಾರುತ್ತಾನಂತೆ.

ಗಂಗಲಕ್ಷ್ಮಿ ಹಾಲು ಕೊಟ್ಟು ಬಂದಳು. ನನ್ನ ಹೆಂಡತಿ ಯಾರ ಮನೆಯ ವಿಷಯವನ್ನೂ ತರುವವಳಲ್ಲ. ಆದರೂ ಒಲೆ ಮುಂದೆ ಕೂತು ಹೇಳಿದಳು. ಮುನಿಗಂಗಮ್ಮ ಗಂಡನಿಗೆ ಎಣ್ಣೆ ಹಚ್ಚುತ್ತಾಳೆ, ಮುದ್ದೆ ಮುರಿದು ಇಡುತ್ತಾಳೆ, ಎತ್ತಿ ಕೂರಿಸುತ್ತಾಳೆ. ಮಾತು ಮಾತ್ರ ಇಲ್ಲ. ಆ ಆಸ್ಪತ್ರೆಯ ದಿನದಿಂದ ಒಂದು ಮಾತಿಲ್ಲ. ಮಗಳನ್ನು ಅವನ ಹತ್ತಿರ ಬಿಡುವುದಿಲ್ಲ. ಮಗು ಅಪ್ಪನ ಕಡೆ ಹೋದರೆ ಎತ್ತಿಕೊಂಡು ಹೊರಗೆ ಹೋಗುತ್ತಾಳೆ. ಮಗುವಿಗೆ ಜ್ವರ ಬಂದಾಗ, ಆಣೆ ತಾಗಿದೆ ಅಂತ ಅತ್ತಳಂತೆ.

“ನೀವ್ಯಾಕೆ ಅವ್ಳು ಬಂದ್ರೆ ಒಳಗೆ ಹೋಗ್ತೀರಿ?” ಅಂತ ಕೇಳಿದಳು ಗಂಗಲಕ್ಷ್ಮಿ.

ಸ್ಟಾಂಪು ಒಳಗಿರುತ್ತೆ ಅಂದೆ.


೬-೬-೧೯೭೧, ಭಾನುವಾರ

ಹೋದೆ ಕೊನೆಗೆ. ಮುನಿಗಂಗಮ್ಮ ಹೊಲಕ್ಕೆ ಹೋದ ಹೊತ್ತು ನೋಡಿಯೇ ಹೋದೆ. ಅದನ್ನೂ ಬರೆದಿಡುತ್ತೇನೆ.

ಬೈಲಪ್ಪ ಹಿತ್ತಲಲ್ಲಿ ಹಗ್ಗ ಹೊಸೆಯುತ್ತಿದ್ದ. ಎಷ್ಟು ದಿನ ಆಗಿತ್ತಣ್ಣ ಅಂದ, ಬೆಲ್ಲ ತಿನ್ನಿ ಅಂದ. ಮಳೆ ಬಗ್ಗೆ ಮಾತಾಡಿದೆವು. ತಡೆಯಲಾರದೆ ನಾನೇ ಕೇಳಿದೆ, ನೀನೇಕೆ ನನ್ನ ಹೆಸರು ಹೇಳಲಿಲ್ಲ?

“ನಾನು ಹೇಳ್ಸಿದ್ರೆ ಅವ್ಳು ನಂಬಲ್ಲ. ಜೊತೆಗಾರನ ಕೈಲಿ ಹೇಳ್ಸವ್ನೆ ಅಂತಾಳೆ. ನೀವಾಗೇ ಹೇಳುದ್ರೆ ಬೇರೆ.” ಆಮೇಲೆ ಹಗ್ಗದ ಕಡೆ ನೋಡುತ್ತಾ ಅಂದ, “ಕಾಲು ಹೋದ್ರೆ ಹೋಯ್ತು ಬುಡಿ. ಮಗ ಹತ್ರ ಬರಾಕಿಲ್ಲ ಅನ್ನೋದೇ.” ಮಗಳನ್ನು ಅವನು ಯಾವಾಗಲೂ ಮಗ ಅಂತಲೇ ಕರೆಯುವುದು.

ಹೇಳ್ತೀನಿ ಅಂದೆ. ಈ ವಾರದಲ್ಲೇ ಹೇಳ್ತೀನಿ.


೩-೭-೧೯೭೧, ಶನಿವಾರ

ಹೇಳಿಲ್ಲ.

ಮಳೆ. ಜಗಲಿಯಲ್ಲಿ ಏಳೆಂಟು ಜನ ಕೂಡಿದ್ದರು, ಏನಾದರೂ ಹೇಳಿ ವೆಂಕಟ್ರಾಮಣ್ಣ ಅಂದರು. ಏಳು ಕಡಲಿನ ಕಥೆ ತೆಗೆದೆ. ಸಲೀಸಾಗಿ ಹೋಗುತ್ತಿತ್ತು. ಅಪ್ಪಯ್ಯಣ್ಣ ಗೋಡೆಗೊರಗಿ ಹ್ಞೂಂ ಅಂದ. ಹ್ಞೂಂ ಅಂದ. ಹ್ಞೂಂ… ರಾಜಕುಮಾರಿಯನ್ನು ಹಡಗಿನಲ್ಲೇ ಬಿಟ್ಟು ಎದ್ದೆ. ತಲೆನೋವು ಅಂದೆ.

ಮೂವತ್ತು ವರ್ಷದಲ್ಲಿ ನಡುವೆ ನಿಲ್ಲಿಸಿದ್ದು ಇದೇ ಮೊದಲು.


೫-೧೧-೧೯೭೧, ಶುಕ್ರವಾರ

‘ಮತ್ತೆ ಹದ್ದಿನ ಗುಡ್ಡ’ ಬಿಡುಗಡೆ. ರಜ ಹಾಕಿ ಬೆಂಗಳೂರಿಗೆ ಹೋಗಿದ್ದೆ. ರಾಮಲಿಂಗಯ್ಯನವರು ಪಾಸು ಕಳಿಸಿದ್ದರು. ಹೌಸ್‌ಫುಲ್ಲು.

ಹೆಸರು ಬಂತು. ಒಂಟಿಯಾಗಿ. ಕಥೆ — ಬೂದಿಗೆರೆ ವೆಂಕಟರಾಮಪ್ಪ. ಹಿಂದೆ ಗುಡ್ಡ, ಹದ್ದು ಹಾರುತ್ತಿದೆ. ಪಕ್ಕದವನು ಬೀಡಿ ಹಚ್ಚಲು ಬಗ್ಗಿದ್ದ, ಅವನು ಎದ್ದು ಕೂರುವಷ್ಟರಲ್ಲಿ ಹೋಗಿತ್ತು.

ಮಧ್ಯಂತರದವರೆಗೆ ಜನ ಕೆಮ್ಮುತ್ತಿದ್ದರು. ಆಮೇಲೆ ಆ ದೃಶ್ಯ. ಅಂಚಿನಲ್ಲಿ ಬೈಲಪ್ಪ, ಬೆನ್ನು ಈ ಕಡೆಗೆ. ಎಡಕ್ಕೆ ತಿರುಗುತ್ತಾನೆ. ಅಷ್ಟು ಹೊತ್ತು ಅವನು ಕಾದದ್ದನ್ನು ಡೈರೆಕ್ಟರು ಕತ್ತರಿಸಿಲ್ಲ. ಅಲ್ಲಿ ಕುದುರೆಗಳನ್ನು ಸೇರಿಸಿದ್ದಾರೆ. ಶತ್ರುಗಳನ್ನು ನೋಡುತ್ತಿದ್ದಾನೆ ಅಂತ ಜನ ಉಸಿರು ಹಿಡಿದರು. ತಿರುಗಿ ನೋಡಿ ಹಾರುವುದನ್ನು ಎರಡು ಸಲ ತೋರಿಸಿದರು, ಒಂದು ಮೇಲಿಂದ, ಒಂದು ಎದುರಿಂದ. ಶಿಳ್ಳೆ. ಪರದೆಗೆ ಕಾಸು ಎಸೆದರು. ನನ್ನ ಹಿಂದಿನವನು ಸೀಟಿನ ಮೇಲೆ ಹತ್ತಿ ನಿಂತ.

ಅವನು ನೋಡಿದ್ದು ನನ್ನನ್ನು. ಎರಡು ಸಲ ನೋಡಿದ.

ಸಿನಿಮಾ ಮುಗಿಯುವ ಮುಂಚೆಯೇ ಎದ್ದು ಹೊರಗೆ ಬಂದೆ. ಬಸ್ಸಿಗೆ ಹೊತ್ತಾಯಿತೇನೋ ಅಂದುಕೊಂಡರು.


೧೪-೧೧-೧೯೭೧, ಭಾನುವಾರ

ಪೇಪರಿನಲ್ಲಿ ಬರೆದಿದ್ದಾರೆ. ಮುಗಿದ ಕಥೆಯನ್ನು ಹಗ್ಗದಂತೆ ಎಳೆದಿದ್ದಾರೆ, ಇಪ್ಪತ್ತು ಕುದುರೆಗಳಿಗೂ ಮಾಡಲು ಕೆಲಸವಿಲ್ಲ. ಆದರೆ ಪ್ರಪಾತದ ದೃಶ್ಯವೊಂದಕ್ಕೆ ಕೊಟ್ಟ ಕಾಸು ಸಂದಾಯ. ಹಾರುವ ಮುನ್ನ ನಾಯಕ ಒಂದು ಕ್ಷಣ ಹಿಂಜರಿಯುವುದು ಕಥೆಗಾರರ ಸೂಕ್ಷ್ಮ ಕಲ್ಪನೆ.

ಕಥೆಗಾರರ ಕಲ್ಪನೆಯಂತೆ.

ಪೇಪರನ್ನು ಒಲೆಗೆ ಹಾಕಿದೆ. ಗಂಗಲಕ್ಷ್ಮಿ ನೋಡಿದಳು.


೬-೧೨-೧೯೭೧, ಸೋಮವಾರ

ಊರೆಲ್ಲ ಯುದ್ಧದ ಮಾತು. ರೇಡಿಯೋ ಮುಂದೆಯೇ ಜನ. ಐದನೇ ವಾರಕ್ಕೆ ಸಿನಿಮಾ ಎತ್ತಿಬಿಟ್ಟರಂತೆ. ರಾಮಲಿಂಗಯ್ಯನವರ ಕಾಗದ ಬಂದಿದೆ, ತಮಾಷೆಯಾಗಿಯೇ ಬರೆದಿದ್ದಾರೆ. ಅಂಚು ಚೆನ್ನಾಗಿದೆ, ಒಡಲು ಜಾಳು ಅಂತಾರೆ ಜನ. ಮೂರನೇದು ತೆಗೆಯೋದಿಲ್ಲ, ಹೆದರಬೇಡಿ ಅಂತ. ಬೈಲಪ್ಪನ ಆರೋಗ್ಯ ವಿಚಾರಿಸಿದ್ದಾರೆ. ಅವನನ್ನು ಕೇಳಿದೆ ಅಂತ ಹೇಳಿ ಅಂತ ಬರೆದಿದ್ದಾರೆ.

ಅದನ್ನೂ ಹೇಳಿಲ್ಲ.


೨೧-೨-೧೯೭೨, ಸೋಮವಾರ

ತೋಪಿನ ಪಕ್ಕದಲ್ಲಿ ಟೆಂಟು ಹಾಕಿದ್ದಾರೆ. ಟೆಂಟಿನ ಮೊದಲನೇ ಸಿನಿಮಾನೇ ‘ಮತ್ತೆ ಹದ್ದಿನ ಗುಡ್ಡ’. ಊರಿಗೆ ಊರೇ ಹೋಯಿತು. ನಮ್ಮೂರಿನವನು ಹಾರಿದ್ದು ಅಂತ ಟೆಂಟಿನವನು ಮೈಕಿನಲ್ಲಿ ಕೂಗಿಸಿದ. ಬೈಲಪ್ಪನನ್ನು ಕರೆದರು, ಅವನು ಹೋಗಲಿಲ್ಲ. ನಾನೂ ಹೋಗಲಿಲ್ಲ.

ಮುನಿಗಂಗಮ್ಮ ಹೋದಳಂತೆ. ಹೆಂಗಸರ ಕಡೆ, ಮುಂದೆ, ನೆಲದಲ್ಲಿ. ಗಂಗಲಕ್ಷ್ಮಿ ಪಕ್ಕದಲ್ಲೇ ಇದ್ದಳು. ಆ ದೃಶ್ಯ ಬಂದಾಗ ಎಲ್ಲರೂ ಕೂಗಿದರು, ಅವಳು ಕೂಗಲಿಲ್ಲ, ಅಳಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಪರದೆಯನ್ನೇ ನೋಡುತ್ತಿದ್ದಳು. ಮುಗಿದ ಮೇಲೆ, ನಾಳೆನೂ ಇದೇನಾ ಅಂತ ಕೇಳಿದಳಂತೆ.


೨೩-೨-೧೯೭೨, ಬುಧವಾರ

ಇವತ್ತೂ ಹೋಗಿದ್ದಾಳೆ. ಮೂರನೇ ದಿನ. ಯಾಕೆ?


೨೪-೨-೧೯೭೨, ಗುರುವಾರ. ಮಧ್ಯಾಹ್ನ ಮೂರೂವರೆ.

ಮುನಿಗಂಗಮ್ಮ ಜಗಲಿಯ ಮೇಲೆ ಕೂತಿದ್ದಾಳೆ. ನಾಲ್ಕರವರೆಗೆ ಕಛೇರಿ ಬಿಡುವಂತಿಲ್ಲ ಅಂದೆ. ಕಾಯ್ತೀನಿ ಅಂದಳು. ನಾನು ಬರೆಯುತ್ತಿರುವುದು ಸರ್ಕಾರದ ಪುಸ್ತಕ ಅಂದುಕೊಂಡಿದ್ದಾಳೆ. ಬರೆಯದಿದ್ದರೆ ಅವಳ ಮುಖ ನೋಡಬೇಕಾಗುತ್ತದೆ.

ಮೂರು ಗಂಟೆಗೆ ಬಂದಳು. ಸ್ಟಾಂಪಿಗಲ್ಲ. ನಾನು ಒಳಗೆ ಹೋಗುವಷ್ಟರಲ್ಲಿ ಬಾಗಿಲಿಗೆ ಅಡ್ಡ ನಿಂತಳು.

“ಹಾರೋಕ್ ಮುಂಚೆ ನಮ್ಮೋರು ಎಡಕ್ ತಿರುಗ್ತಾರೆ.”

ಅಲ್ಲಿ ಶತ್ರುಗಳ ಕುದುರೆ ಇದೆಯಲ್ಲಮ್ಮ, ಅಂದೆ.

“ಕುದುರೆ ಬೇರೆ ದಿನದ್ದು. ನೆರಳು ಬೇರೆ ಕಡೆ ಬಿದ್ದೈತೆ. ಮೂರು ಸಲ ನೋಡಿವ್ನಿ.” ದನಿ ಏರಿಸಲಿಲ್ಲ. “ಆಣೆಗೆ ಮುಂಚೆ ಎಂಟು ವರ್ಷ ಅವ್ರು ನೀರಿಗೆ ಬೀಳೋದು ಕಂಡಿದ್ದೀನಿ. ನೀರ್ ನೋಡ್ತಾರೆ, ಹಾರ್ತಾರೆ. ಪಕ್ಕಕ್ಕೆ ನೋಡೋರಲ್ಲ. ಅವತ್ತು ಯಾರ್ನೋ ಕೇಳ್ತಾ ಅವ್ರೆ. ಬೇಕಾ ಬ್ಯಾಡ್ವಾ ಅಂತ ಕೇಳ್ತಾ ಅವ್ರೆ. ಆ ಕಡೆ ಯಾರಿದ್ರಣ್ಣ?”

“ನಾನಿದ್ದೆ.”

ಒಂದು ವರ್ಷ ಹೇಳದೆ ಮುಚ್ಚಿಟ್ಟದ್ದು ಇಷ್ಟು ಚಿಕ್ಕ ಮಾತೇ ಅನ್ನಿಸಿತು.

ಹೇಳಿದೆ. ಹಗ್ಗ ಹೊಸೆಯುತ್ತಿದ್ದದ್ದು, ಕಥೆ ಹೇಳಿದ್ದು, ಚೆನ್ನ ಅನ್ನುವ ಕಡೆ ನೀನು ಅಂದದ್ದು, ಅವನು ಎಲ್ಲದಕ್ಕೂ ಅನ್ನುವಂತೆ ಅದಕ್ಕೂ ಹ್ಞೂಂ ಅಂದದ್ದು. ಕಾರ್ಡು. ಒಂದು ಭಾನುವಾರ ಪೂರ್ತಿ ಡಬ್ಬಿಯಲ್ಲಿದ್ದ ಕಾರ್ಡು. ನಿಮ್ಮ ಮಾತು ಬಿದ್ದೋಯ್ತದೆ ಅಂತ ಅವನು ಕೇಳಿದ್ದು, ನಾನು ಹೂವು ಎತ್ತಿಕೊಂಡದ್ದು. ನಿಂತೇ ಕೇಳಿದಳು. ನಾನು ಮಾತಾಡುವಷ್ಟು ಹೊತ್ತೂ ಅವಳ ಬಾಯಿಂದ ಒಂದು ಸದ್ದೂ ಬರಲಿಲ್ಲ.

ಬೈಯುತ್ತಾಳೆ ಅಂದುಕೊಂ​ಡೆ. ಬೈದಿದ್ದರೆ ಚೆನ್ನಾಗಿತ್ತು. ಜಗಲಿಯ ಕಂಬ ಹಿಡಿದುಕೊಂಡಳು.

“ನಾನ್ ಇಲ್ಲೇ ನಿಂತು ಕೇಳ್ದೆ. ಹಾರೋದೇನಾದ್ರೂ ಇದ್ಯಾ ಅಂತ.”

ಹೌದಮ್ಮ ಅಂದೆ.

“ಆಸ್ಪತ್ರೇಲಿ ನಿಮ್ಮ ಮುಖ ನೋಡ್ದೆ. ಅವತ್ತು ಒಂದು ಮಾತು ಆಡಿದ್ರೆ ಸಾಕಿತ್ತು. ಒಂದ್ ವರ್ಷ ಮಗೀನ ಅಪ್ಪನ ತೊಡೆಯಿಂದ ಎಳ್ಕೊಂಡು ಬಂದಿದ್ದೀನಿ ನಾನು. ಈ ಕೈಲಿ.”

ಕೈಯನ್ನು ತೋರಿಸಲಿಲ್ಲ, ತಾನೇ ನೋಡಿಕೊಂಡಳು. ನಾನು ಬಾವಿಗೆ ಬೀಳುವ ಮಾತೇನೋ ಆಡಿದೆ. ಅದೆಲ್ಲ ಬ್ಯಾಡ ಅಂದಳು.

“ಮನೆಗೆ ಬನ್ನಿ. ಅವ್ರ ಮುಂದೆ ಹೇಳಿ. ಮಗೀನೂ ಇರ್ತದೆ, ಅದ್ರ ಮುಂದೆ ಹೇಳಿ. ಆಣೆ ಮಾಡಿದ ದಿನ ನೀವೆಲ್ಲ ನಕ್ಕಿದ್ರಲ್ಲ, ಆ ಐದಾರು ಜನಕ್ಕೂ ಇಲ್ಲಿಗೆ ಬರೋಕ್ ಮುಂಚೇನೇ ಹೇಳ್ಕಳ್ಸಿವ್ನಿ. ಅವ್ರ ಮುಂದೂ ಹೇಳಿ.”

ಹೀಗೆ ಕೂತಿದ್ದಾಳೆ. ಬೀದಿಯಲ್ಲಿ ಅಪ್ಪಯ್ಯಣ್ಣ ಹೆಗಲಿಗೆ ಟವಲು ಹಾಕಿಕೊಂಡು ಬೈಲಪ್ಪನ ಮನೆ ಕಡೆ ಹೋದ. ಯಾಕೆ ಕರೆದಿದ್ದಾರೆ ಅಂತ ಅವನಿಗೆ ಗೊತ್ತಿಲ್ಲ, ನನ್ನನ್ನು ಕಂಡು ನಕ್ಕು ಕೈ ಎತ್ತಿದ. ಒಳಗೆ ಗಂಗಲಕ್ಷ್ಮಿ ಪಾತ್ರೆ ತೊಳೆಯುವುದು ನಿಂತಿದೆ. ಎಲ್ಲ ಕೇಳಿಸಿಕೊಂಡಿದ್ದಾಳೆ. ಆಚೆ ಬಂದು ನನ್ನ ಒಗೆದ ಅಂಗಿಯನ್ನು ಕುರ್ಚಿಯ ಮೇಲೆ ಇಟ್ಟು ಹೋದಳು. ಅಷ್ಟೇ.

ಏನಂತ ಶುರು ಮಾಡಲಿ? ಕಥೆಯ ಹಾಗೆ ಮಾತ್ರ ಬೇಡ. ಸುತ್ತಿ ಬಳಸಿ ಬೇಡ, ಒಂದಾನೊಂದು ದಿನ ಬೇಡ. ನನಗೆ ಅದೊಂದೇ ಬರುವುದು, ಅದೇ ಭಯ. ಬೈಲಪ್ಪ ಆಣೆ ಮುರಿದಿಲ್ಲ — ಮೊದಲು ಇದು. ಮುರಿಸಿದ್ದು ನಾನು — ಎರಡನೆಯದು. ಮಗುವಿಗೆ ನಾಲ್ಕು ವರ್ಷ ತುಂಬಿಲ್ಲ, ಅದಕ್ಕೆ ತಿಳಿಯುವ ಮಾತಿನಲ್ಲಿ ಹೇಳಬೇಕು. ನಿಮ್ಮಪ್ಪ ನಿನ್ನ ತಲೆ ಮೇಲೆ ಕೈಯಿಟ್ಟು ಹೇಳಿದ್ದು…

ನಾಲ್ಕಾಯಿತು. ಅವಳು ಎದ್ದಳು. ಅಂಗಿ ಹಾಕಿಕೊಂಡು ಅವಳ ಹಿಂದೆ ಹೊರಡುತ್ತೇನೆ.